ಕೆಗ್‌ನಲ್ಲಿರುವ ಮನೆ ಲಾಗರ್: ತುಂಬಿದ ದಿನದಿಂದ ಕೊನೆಯ ಗ್ಲಾಸ್‌ವರೆಗೆ ತಾಪಮಾನ ನೋಡಿಕೊಳ್ಳುವ ಬಗೆ

ಫ್ರಿಜ್‌ನ ಬಾಗಿಲ ಮೇಲೆ 2 ಡಿಗ್ರಿ ಅಂತ ತೋರಿಸುತ್ತಿರುತ್ತದೆ. ಟ್ಯಾಪ್ ತಿರುಗಿಸಿ ಒಂದು ಗ್ಲಾಸ್ ಬಿಯರ್ ಹಿಡಿದು ಥರ್ಮಾಮೀಟರ್ ಅದ್ದಿದರೆ 6 ಡಿಗ್ರಿ. ಯಾವುದು ನಿಜ? ಎರಡೂ ನಿಜ. ಬಾಗಿಲ ಮೇಲಿನದು ಫ್ರಿಜ್‌ನ ಗಾಳಿಯ ಲೆಕ್ಕ, ಗ್ಲಾಸ್‌ನಲ್ಲಿರುವುದು ಬಿಯರ್‌ನ ಲೆಕ್ಕ. ಬರೀ ನೊರೆ ಬರುವುದು, ಗ್ಯಾಸ್ ಇಳಿದು ಬಿಯರ್ ಸಪ್ಪೆಯಾಗುವುದು, ಕೆಗ್ (ಬಿಯರ್ ತುಂಬಿಡುವ ಪೀಪಾಯಿ) ಒಳಗೆ ಮಂಜುಗಡ್ಡೆ ಕಟ್ಟುವುದು, ಎರಡೇ ತಿಂಗಳಲ್ಲಿ ರುಚಿ ಹಳಸುವುದು, ಇವುಗಳಲ್ಲಿ ಹೆಚ್ಚಿನವು ಈ ಎರಡು ಲೆಕ್ಕಗಳನ್ನು ಒಂದೇ ಅಂದುಕೊಂಡದ್ದರಿಂದ ಆಗುತ್ತವೆ. ಹಾಗಾಗಿ ಇಲ್ಲಿ ಎಲ್ಲೆಲ್ಲಿ ಡಿಗ್ರಿ ಅಂತ ಬರುತ್ತದೋ ಅಲ್ಲೆಲ್ಲ ಬಿಯರ್‌ನ ತಾಪಮಾನ ಅಂತಲೇ ತಿಳಿಯಿರಿ, ಸೆಲ್ಸಿಯಸ್‌ನಲ್ಲಿ.

ನಿಮ್ಮ ಹತ್ತಿರ 19 ಲೀಟರ್‌ನ ಸ್ಟೀಲ್ ಕೆಗ್, ಒಂದು ಫ್ರಿಜ್ ಅಥವಾ ಚೆಸ್ಟ್ ಫ್ರೀಜರ್, ಪ್ರೋಬ್ (ತಾಪಮಾನ ಅಳೆಯುವ ತಂತಿಯ ತುದಿ) ಇರುವ ತಾಪಮಾನ ಕಂಟ್ರೋಲರ್, ಒತ್ತಡ ಹೊಂದಿಸುವ ರೆಗ್ಯುಲೇಟರ್ ಸಮೇತ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ (ಮುಂದೆ ಬರೀ ಗ್ಯಾಸ್ ಅಂದರೆ ಇದೇ) ಇದೆ ಅಂದುಕೊಂಡು ಬರೆಯುತ್ತಿದ್ದೇನೆ. ಮನೆಯಲ್ಲಿ ಬಿಯರ್ ಮಾಡಲು ನಿಮ್ಮಲ್ಲಿ ಕಾನೂನು ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಂಡಿರಿ.

ಲಾಗರ್‌ಗೆ ಇಷ್ಟು ತಂಪು ಯಾಕೆ

ಲಾಗರ್ ಅಂದರೆ ತಂಪಿನಲ್ಲಿ ಹುದುಗಿಸಿ, ತಂಪಿನಲ್ಲೇ ವಾರಗಟ್ಟಲೆ ಇಟ್ಟು ಹದಕ್ಕೆ ತರುವ ಬಿಯರ್. ಹೆಸರಲ್ಲೇ ಉತ್ತರ ಇದೆ. ಜರ್ಮನ್ ಭಾಷೆಯಲ್ಲಿ ‘ಲಾಗರ್ನ್’ ಅಂದರೆ ಕೂಡಿಡುವುದು. ಬವೇರಿಯಾದಲ್ಲಿ 1553ರಲ್ಲಿ ಬಂದ ಕಟ್ಟಳೆಯ ಪ್ರಕಾರ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಮಾಡಬಹುದಿತ್ತು. ಬೇಸಿಗೆಯಲ್ಲಿ ಕುಡಿಯುವ ಬಿಯರ್ ಚಳಿಗಾಲ ಮುಗಿಯುವ ಮುಂಚೆಯೇ ತಯಾರಾಗಿ ನೆಲಮಾಳಿಗೆ ಸೇರಬೇಕಿತ್ತು. ಅಲ್ಲಿಗೆ ಕೆರೆ, ಹೊಳೆಗಳಿಂದ ಕೊಯ್ದು ತಂದ ಮಂಜುಗಡ್ಡೆ ತುಂಬುತ್ತಿದ್ದರು. ನೆಲ ಕಾಯದಿರಲಿ ಅಂತ ಮೇಲೆ ಚೆಸ್ಟ್‌ನಟ್ ಮರಗಳನ್ನು ಬೆಳೆಸುತ್ತಿದ್ದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಮ್ಯೂನಿಕ್‌ನಲ್ಲಿ ಬಿಯರ್ ಕಾರ್ಖಾನೆಗೆಂದೇ ತಂಪು ಮಾಡುವ ಯಂತ್ರ ಕಟ್ಟಿದ ಮೇಲೆ ಋತುವಿನ ಹಂಗು ತಪ್ಪಿತು. ನಮ್ಮ ಮನೆಯ ಫ್ರಿಜ್ ಅದೇ ವಂಶದ್ದು.

ತಂಪಿನಲ್ಲಿ ನಿಜವಾಗಿ ಆಗುವುದೇನು? ಯೀಸ್ಟ್ ಮತ್ತು ಸಣ್ಣ ಕಣಗಳು ನಿಧಾನವಾಗಿ ತಳ ಸೇರುತ್ತವೆ. ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಪ್ರೋಟೀನ್ ಮತ್ತು ಒಗರು ಕೊಡುವ ಪಾಲಿಫಿನಾಲ್‌ಗಳು ಶೂನ್ಯದ ಹತ್ತಿರ ಒಂದಕ್ಕೊಂದು ಅಂಟಿಕೊಂಡು ಮಬ್ಬಾಗಿ, ಆಮೇಲೆ ಗಸಿಯಾಗಿ ಇಳಿಯುತ್ತವೆ. ಈ ಮಬ್ಬು ಕೆಗ್‌ನಲ್ಲೇ ಇಳಿದುಬಿಟ್ಟರೆ ತಣ್ಣಗಿನ ಗ್ಲಾಸ್‌ನಲ್ಲೂ ಬಿಯರ್ ತಿಳಿಯಾಗಿ ಕಾಣುತ್ತದೆ. ಲಾಗರ್ ಯೀಸ್ಟ್ ಬಿಡುವ ಗಂಧಕದ ವಾಸನೆ ವಾರಗಳು ಕಳೆದಂತೆ ಕಡಿಮೆಯಾಗುತ್ತದೆ. ಜೊತೆಗೆ, ಬಿಯರ್ ಹಳಸುವ ವೇಗ ತಂಪಿನಲ್ಲಿ ತುಂಬಾ ಕಮ್ಮಿ. ಏಲ್ ಎಂಬ, ಬೆಚ್ಚಗೆ ಹುದುಗುವ ಬಿಯರ್‌ನಲ್ಲಿ ಹಣ್ಣಿನ ಘಮವೋ ಜಾಸ್ತಿ ಹಾಪ್ಸೋ (ಕಹಿ, ಘಮ ಕೊಡುವ ಹೂವು) ಸಣ್ಣ ದೋಷವನ್ನು ಮುಚ್ಚಿಬಿಡುತ್ತದೆ. ತೆಳು ಬಣ್ಣದ ಲಾಗರ್‌ನಲ್ಲಿ ಬಚ್ಚಿಡಲು ಜಾಗವೇ ಇಲ್ಲ.

ಮೊದಲ ಹೆಜ್ಜೆ: ಕೆಗ್‌ಗೆ ಹಾಕುವ ಮುಂಚೆ ಬಿಸಿನೀರಿನ ಪರೀಕ್ಷೆ

ತಾಪಮಾನದ ಕೆಲಸ ಕೆಗ್‌ಗಿಂತ ಮೊದಲೇ ಶುರುವಾಗುತ್ತದೆ. ಸಾಮಾನ್ಯವಾಗಿ ಲಾಗರ್ 8ರಿಂದ 13 ಡಿಗ್ರಿಯಲ್ಲಿ ಹುದುಗುತ್ತದೆ. ಹುದುಗು ಮುಗಿಯುತ್ತಾ ಬಂದಾಗ ಅದನ್ನು 16–18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡಬೇಕು. ಡೈಅಸಿಟೈಲ್ ಎಂಬ, ಬೆಣ್ಣೆಯ ವಾಸನೆ ಕೊಡುವ ವಸ್ತುವನ್ನು ಯೀಸ್ಟ್ ವಾಪಸ್ ತಿನ್ನುವ ಹೊತ್ತು ಅದು.

ಇಲ್ಲಿ ಮೋಸ ಹೋಗುವುದು ಸುಲಭ. ಇವತ್ತು ಮೂಗಿಗೆ ಬೆಣ್ಣೆ ವಾಸನೆ ಇಲ್ಲದಿದ್ದರೂ ಅದರ ತಾಯಿವಸ್ತು ಬಿಯರ್‌ನಲ್ಲಿ ಅಡಗಿರಬಹುದು. ಅದಕ್ಕೆ ವಾಸನೆಯೇ ಇಲ್ಲ. ಯೀಸ್ಟ್ ಎಚ್ಚರವಾಗಿರುವಾಗ ಅದು ಡೈಅಸಿಟೈಲ್ ಆಗಿ ಬದಲಾದರೆ ಯೀಸ್ಟ್ ನೋಡಿಕೊಳ್ಳುತ್ತದೆ. ಕೆಗ್‌ನ ತಂಪಿನಲ್ಲಿ ಯೀಸ್ಟ್ ಮಲಗಿದ ಮೇಲೆ ಬದಲಾದರೆ ತಿನ್ನುವವರು ಯಾರೂ ಇಲ್ಲ. ತಿಂಗಳು ಕಳೆದು ಕೆಗ್ ತೆರೆದಾಗ ಬೆಣ್ಣೆ ವಾಸನೆ ಹೊಡೆಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಎರಡು ಸಣ್ಣ ಗಾಜಿನ ಲೋಟಗಳಲ್ಲಿ ಒಂದಿಷ್ಟು ಬಿಯರ್ ತೆಗೆದುಕೊಳ್ಳಿ. ಎರಡರ ಬಾಯಿಯನ್ನೂ ಮುಚ್ಚಿ. ಒಂದನ್ನು 60–70 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ, ಇನ್ನೊಂದನ್ನು ಹಾಗೇ ಬಿಡಿ. ಬಿಸಿ ಮಾಡಿದ್ದು ಆರಿದ ಮೇಲೆ ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ವಾಸನೆ ಬಂದರೆ ಇನ್ನೂ ಎರಡು ದಿನ ಬೆಚ್ಚಗೇ ಬಿಡಿ, ಮತ್ತೆ ಪರೀಕ್ಷೆ ಮಾಡಿ. ಎರಡೂ ಶುದ್ಧವಾಗಿದ್ದರೆ ತಂಪಿಗೆ ಇಳಿಸಬಹುದು. ಅರ್ಧ ಗಂಟೆಯ ಕೆಲಸ ಅಷ್ಟೇ. ಇದನ್ನು ಬಿಟ್ಟು ಮುಂದಿನದೆಲ್ಲ ಎಷ್ಟೇ ಚೆನ್ನಾಗಿ ಮಾಡಿದರೂ ಪ್ರಯೋಜನ ಇಲ್ಲ.

ಎರಡನೇ ಹೆಜ್ಜೆ: ಫ್ರಿಜ್ ಸಿದ್ಧ ಮಾಡುವುದು

ಮೊದಲು ಥರ್ಮಾಮೀಟರ್ ಮತ್ತು ಪ್ರೋಬ್ ಸರಿ ಇದೆಯೇ ನೋಡಿ. ಒಂದು ಲೋಟದ ತುಂಬಾ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಹೊಯ್ಯಿರಿ. ಚೆನ್ನಾಗಿ ಕಲಸಿ ಎರಡು ಮೂರು ನಿಮಿಷ ಬಿಟ್ಟು ಪ್ರೋಬ್ ಅದ್ದಿ. 0 ತೋರಿಸಬೇಕು. ವ್ಯತ್ಯಾಸ ಇದ್ದರೆ ಕಂಟ್ರೋಲರ್‌ನಲ್ಲಿ ಅಷ್ಟನ್ನು ಸರಿಪಡಿಸಿ, ಆ ಸೌಲಭ್ಯ ಇಲ್ಲದಿದ್ದರೆ ಒಂದು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ಲಾಗರಿಂಗ್, ಅಂದರೆ ಬಿಯರನ್ನು ವಾರಗಟ್ಟಲೆ ತಂಪಿನಲ್ಲಿ ಹದಕ್ಕೆ ಬಿಡುವುದು, ನಡೆಯುವುದು ಶೂನ್ಯದ ಅಂಚಿನಲ್ಲಿ. ಅಲ್ಲಿ ಒಂದು ಡಿಗ್ರಿ ತಪ್ಪು ಅಂದರೆ ದೊಡ್ಡ ತಪ್ಪು.

ಆಮೇಲೆ ಪ್ರೋಬ್ ಎಲ್ಲಿಡಬೇಕು ಎಂಬ ಪ್ರಶ್ನೆ. ಗಾಳಿಯಲ್ಲಿ ಸುಮ್ನೆ ತೂಗುಬಿಟ್ಟರೆ ಬಾಗಿಲು ತೆರೆದಾಗೆಲ್ಲ ಅದು ಬೆಚ್ಚಗಾಗಿ ಕಂಪ್ರೆಸರ್‌ಗೆ ಓಡು ಅನ್ನುತ್ತದೆ. ಬಿಯರ್ ಮಾತ್ರ ಅಲ್ಲಾಡಿರುವುದಿಲ್ಲ. ಪ್ರೋಬನ್ನು ಕೆಗ್‌ನ ಹೊಟ್ಟೆಗೆ, ಅಂದರೆ ಅರ್ಧ ಎತ್ತರದಲ್ಲಿ, ಟೇಪ್ ಹಾಕಿ ಅಂಟಿಸಿ. ಅದರ ಮೇಲೆ ಎರಡು ಬೆರಳು ದಪ್ಪದ ಸ್ಪಂಜನ್ನೋ ಥರ್ಮಾಕೋಲ್ ತುಂಡನ್ನೋ ಒತ್ತಿಟ್ಟು ಸುತ್ತ ಟೇಪ್ ಬಿಗಿಯಿರಿ. ಸ್ಟೀಲ್ ಶಾಖವನ್ನು ಬೇಗ ದಾಟಿಸುವುದರಿಂದ ಪ್ರೋಬ್‌ನ ಒಂದು ಮಗ್ಗುಲಿಗೆ ಬಿಯರ್‌ನ ತಂಪು ತಾಗುತ್ತದೆ, ಇನ್ನೊಂದು ಮಗ್ಗುಲಿಗೆ ಗಾಳಿ ತಾಗದಂತೆ ಸ್ಪಂಜು ತಡೆಯುತ್ತದೆ. ಕೆಗ್‌ನಲ್ಲಿ ಬಿಯರ್ ಅರ್ಧಕ್ಕಿಂತ ಕೆಳಗಿಳಿದಾಗ ಪ್ರೋಬನ್ನೂ ಕೆಳಗಿಳಿಸಬೇಕು. ಇಲ್ಲದಿದ್ದರೆ ಅದು ಖಾಲಿ ಸ್ಟೀಲ್‌ನ ಸುದ್ದಿ ಹೇಳುತ್ತಿರುತ್ತದೆ.

ಕಂಟ್ರೋಲರ್‌ನಲ್ಲಿ ಎರಡು ಅಂಕಿ ಮುಖ್ಯ. ಏರಿಳಿತದ ಅಂತರವನ್ನು ಅರ್ಧದಿಂದ ಒಂದು ಡಿಗ್ರಿಗೆ ಇಡಿ. ಕಂಪ್ರೆಸರ್ ನಿಂತ ಮೇಲೆ ಮತ್ತೆ ಶುರುವಾಗುವ ಮುಂಚಿನ ಬಿಡುವನ್ನು 3ರಿಂದ 5 ನಿಮಿಷಕ್ಕೆ ಇಡಿ. ಆ ಬಿಡುವು ಇಲ್ಲದೆ ಒಂದರ ಹಿಂದೊಂದು ಶುರುವಾಗುತ್ತಿದ್ದರೆ ಕಂಪ್ರೆಸರ್ ಬೇಗ ಕೆಡುತ್ತದೆ.

ಚೆಸ್ಟ್ ಫ್ರೀಜರ್ ಆದರೆ ತಣ್ಣನೆ ಗಾಳಿ ತಳದಲ್ಲಿ ಕೂತುಬಿಡುತ್ತದೆ. ಮೇಲ್ಗಡೆ, ಅದರಲ್ಲೂ ಟ್ಯಾಪ್‌ಗೆ ಹೋಗುವ ಪೈಪ್ ಇರುವಲ್ಲಿ, ಹಲವು ಡಿಗ್ರಿ ಜಾಸ್ತಿ ಇರುತ್ತದೆ. ಕಂಪ್ಯೂಟರ್‌ನಲ್ಲಿ ಇರುವಂಥ ಸಣ್ಣ ಫ್ಯಾನ್ ಒಂದನ್ನು ತಳದಿಂದ ಮೇಲಕ್ಕೆ ಗಾಳಿ ಬೀಸುವಂತೆ ಇಟ್ಟರೆ ಅಂತರ ತುಂಬಾ ಕಡಿಮೆಯಾಗುತ್ತದೆ. ಅಲ್ಲಿ ತೇವವೂ ಜಾಸ್ತಿ, ಬೂಸ್ಟು ಹಿಡಿಯುತ್ತದೆ. ತೇವ ಹೀರುವ ಡಬ್ಬಿ ಒಂದನ್ನು ಮೂಲೆಯಲ್ಲಿಟ್ಟು ಆಗಾಗ ಒರೆಸುತ್ತಿರಿ.

ಮೂರನೇ ಹೆಜ್ಜೆ: ಕೆಗ್ ತುಂಬುವುದು

ಇದು ತಾಪಮಾನದ ವಿಷಯ ಅಲ್ಲ ಅನ್ನಿಸಬಹುದು. ಆದರೆ ಬಿಯರ್ ಹಳಸುವುದು ಬಿಸಿ ಮತ್ತು ಆಮ್ಲಜನಕ ಎರಡೂ ಸೇರಿ ಮಾಡುವ ಕೆಲಸ. ಗಾಳಿ ಒಳಗೆ ಬಿಟ್ಟು ಆಮೇಲೆ ಎಷ್ಟು ತಣ್ಣಗಿಟ್ಟರೂ ಹಳಸುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಒದ್ದೆ ರಟ್ಟಿನ ವಾಸನೆ ಬರುವ ಹಳೆ ಬಿಯರ್ ಕುಡಿದಿದ್ದರೆ ನಿಮಗೆ ಗೊತ್ತಿರುತ್ತದೆ.

ಕೆಗ್ಗನ್ನು ಸ್ಯಾನಿಟೈಸರ್ ದ್ರಾವಣದಿಂದ ಬಾಯಿಮಟ್ಟ ತುಂಬಿ, ಮುಚ್ಚಳ ಹಾಕಿ, ಗ್ಯಾಸ್ ಬಿಟ್ಟು ಆ ದ್ರಾವಣವನ್ನೆಲ್ಲ ಹೊರಗೆ ತಳ್ಳಿ. ಈಗ ಕೆಗ್ ಒಳಗೆ ಹೆಚ್ಚುಕಡಿಮೆ ಬರೀ ಗ್ಯಾಸ್ ಇರುತ್ತದೆ. ಬಿಯರನ್ನು ಬಿಯರ್ ಪೋಸ್ಟ್ (ಕೆಗ್ ಮೇಲಿರುವ, ಬಿಯರ್ ಪೈಪ್ ಸೇರಿಸುವ ಮೂತಿ) ಮೂಲಕ, ಒಳಗಿನ ಉದ್ದ ಕೊಳವೆಯಿಂದ ತಳದಲ್ಲೇ ಇಳಿಯುವ ಹಾಗೆ ತುಂಬಿ. ಗ್ಯಾಸ್ ಕೊಳವೆಯ ತುದಿ ಮುಳುಗುವಷ್ಟು ತುಂಬಬೇಡಿ. ತುಂಬಿದ ಮೇಲೆ 10 ಪಿಎಸ್‌ಐ (ಒತ್ತಡದ ಅಳತೆ) ಗ್ಯಾಸ್ ಕೊಟ್ಟು, ಮುಚ್ಚಳದ ವಾಲ್ವ್ ಎಳೆದು ಬಿಡುವುದನ್ನು ಐದಾರು ಸಲ ಮಾಡಿ.

ಆಮೇಲೆ ಒಮ್ಮೆ 25–30 ಪಿಎಸ್‌ಐ ಕೊಟ್ಟು ಮುಚ್ಚಳವನ್ನು ಬಿಗಿಯಾಗಿ ಕೂರಿಸಿ. ಮುಚ್ಚಳದ ಸುತ್ತ, ಎರಡೂ ಪೋಸ್ಟ್‌ಗಳ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ. ಬೆಚ್ಚಗಿನ ಕೆಗ್ಗನ್ನು ತಂಪಿಗೆ ಇಟ್ಟಾಗ ಮೇಲಿನ ಗ್ಯಾಸ್ ಕುಗ್ಗುತ್ತದೆ. ಜೊತೆಗೆ ತಣ್ಣಗಾದ ಬಿಯರ್ ಅದನ್ನು ಹೀರಿಕೊಳ್ಳುತ್ತದೆ. ಒತ್ತಡ ಇಳಿದರೆ ಮುಚ್ಚಳ ಸಡಿಲವಾಗಿ ಇದ್ದ ಗ್ಯಾಸ್ ಸೋರಬಹುದು, ಕೊನೆಗೆ ಹೊರಗಿನ ಗಾಳಿಯೂ ಒಳಗೆ ಬರಬಹುದು. ಅದಕ್ಕೇ ತಂಪಾಗುವಾಗ ಗ್ಯಾಸ್ ಸಂಪರ್ಕ ತಪ್ಪಿಸಬೇಡಿ.

ನಾಲ್ಕನೇ ಹೆಜ್ಜೆ: ತಂಪಿಗೆ ಇಳಿಸುವುದು

ದಿನಕ್ಕೆ ಒಂದೆರಡು ಡಿಗ್ರಿಯಂತೆ ನಿಧಾನವಾಗಿ ಇಳಿಸುವುದು ಹಳೆಯ ಪದ್ಧತಿ. ಇಳಿಯುವ ದಾರಿಯಲ್ಲೂ ಯೀಸ್ಟ್ ಸ್ವಲ್ಪ ಕೆಲಸ ಮಾಡಲಿ ಎಂಬ ಲೆಕ್ಕಾಚಾರ ಅದು. ಬಿಸಿನೀರಿನ ಪರೀಕ್ಷೆಯಲ್ಲಿ ಬಿಯರ್ ಪಾಸಾಗಿದ್ದರೆ ಇಷ್ಟು ತಾಳ್ಮೆ ಬೇಕಿಲ್ಲ ಅಂತ ನನ್ನ ಅನಿಸಿಕೆ. ನೇರ ತಂಪಿಗೆ ಇಡಿ. ಹೇಗಿದ್ದರೂ ಮನೆಯ ಫ್ರಿಜ್ ತನ್ನ ವೇಗದಲ್ಲೇ ಇಳಿಸುತ್ತದೆ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. 19 ಲೀಟರ್ ಬಿಯರನ್ನು 18 ಡಿಗ್ರಿಯಿಂದ 2 ಡಿಗ್ರಿಗೆ ತರಲು ಸುಮಾರು 1,270 ಕಿಲೋಜೂಲ್ ಶಾಖ ಹೊರಗೆ ಹೋಗಬೇಕು. ಅಷ್ಟು ಶಾಖ ಇದ್ದರೆ 20 ಡಿಗ್ರಿಯ ನಾಲ್ಕು ಲೀಟರ್‌ಗೆ ಹತ್ತಿರದಷ್ಟು ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅದೆಲ್ಲ ಫ್ರಿಜ್‌ನ ಗಾಳಿಯ ಮೂಲಕವೇ ಹೋಗಬೇಕು. ಒಂದು ಕೆಗ್‌ಗೆ ಒಂದರಿಂದ ಎರಡು ದಿನ ಹಿಡಿಯುವುದು ಮಾಮೂಲು. ಎರಡು ಕೆಗ್ ಒಟ್ಟಿಗೆ ಇಟ್ಟರೆ ಇನ್ನೂ ಜಾಸ್ತಿ. ನಾಲ್ಕು ಗಂಟೆಯಾದರೂ ತಣ್ಣಗಾಗಲಿಲ್ಲ ಅಂತ ಡಯಲ್ಲನ್ನು ಕೊನೆಗೆ ತಿರುಗಿಸಬೇಡಿ. ಆಗಲೇ ಎಡವಟ್ಟಾಗುವುದು.

ನನಗೆ ಆಗಿದ್ದೂ ಹಾಗೆಯೇ. ಮೊದಲ ವರ್ಷ ಪ್ರೋಬನ್ನು ಗಾಳಿಯಲ್ಲಿ ಬಿಟ್ಟು, ಬೇಗ ತಣ್ಣಗಾಗಲಿ ಅಂತ ಮೈನಸ್ 3ಕ್ಕೆ ಇಟ್ಟು, ಕೆಗ್ಗನ್ನು ಫ್ರಿಜ್‌ನ ಹಿಂಗೋಡೆಗೆ ಒತ್ತಿಟ್ಟೆ. ಬೆಳಗ್ಗೆ ನೋಡಿದರಾಯಿತು ಅಂದುಕೊಂಡವನು ಮೂರು ದಿನ ಮರೆತೆ. ನೆನಪಾಗಿ ಕೆಗ್ಗನ್ನು ಸ್ವಲ್ಪ ವಾಲಿಸಿದಾಗ ಒಳಗಿಂದ ಗರಗರ ಸದ್ದು ಬಂತು, ಒದ್ದೆ ಮರಳು ಜಾರಿದ ಹಾಗೆ. ಟ್ಯಾಪ್‌ನಿಂದ ಬಂದ ಬಿಯರ್ ಮಾಮೂಲಿಗಿಂತ ದಪ್ಪ, ಕಡು. ನೀರು ಮಂಜುಗಡ್ಡೆಯಾಗಿ ಕೂತು ಉಳಿದದ್ದು ಮಾತ್ರ ಹೊರಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ಕುಡಿಯುತ್ತಾ ಹೋದರೆ ಕೆಗ್‌ನ ಕೊನೆ ಅರ್ಧ ನೀರುನೀರಾಗಿರುತ್ತದೆ. ಫ್ರಿಜ್ ಆರಿಸಿ, 4 ಡಿಗ್ರಿಯ ಹತ್ತಿರ ಎರಡು ದಿನ ಬಿಟ್ಟು ಪೂರ್ತಿ ಕರಗಿಸಿದೆ. ಕುಡಿಯಲು ಅಡ್ಡಿ ಇರಲಿಲ್ಲ. ಆದರೆ ಒಂದು ತೆಳು ಮಬ್ಬು ಉಳಿಯಿತು, ಕೊನೆತನಕ ಹೋಗಲಿಲ್ಲ.

ಶೇಕಡಾ 5ರಷ್ಟು ಆಲ್ಕೋಹಾಲ್ ಇರುವ ಬಿಯರ್ ಮೈನಸ್ 2ರಿಂದ ಮೈನಸ್ 2.5 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಹಿಂಗೋಡೆಯ ತಣ್ಣನೆ ತಟ್ಟೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಕೆಗ್ ಮತ್ತು ಗೋಡೆಯ ನಡುವೆ ಮೂರು ಬೆರಳು ಜಾಗ ಬಿಡಿ. ಪೂರ್ತಿ ಹೆಪ್ಪುಗಟ್ಟಿದ ಕೆಗ್ ಉಬ್ಬಬಹುದು, ಅಂಥದ್ದಕ್ಕೆ ಮತ್ತೆ ಒತ್ತಡ ಕೊಡಬೇಡಿ.

ಐದನೇ ಹೆಜ್ಜೆ: ಲಾಗರಿಂಗ್ ವಾರಗಳು

ಬಿಯರ್‌ನ ತಾಪಮಾನ 0ರಿಂದ 2 ಡಿಗ್ರಿ ಇರಲಿ. ನಾನು 1ಕ್ಕೆ ಇಟ್ಟು ಬಿಡುತ್ತೇನೆ, ಹೆಪ್ಪುಗಟ್ಟುವ ಬಿಂದುವಿನಿಂದ ಸಾಕಷ್ಟು ದೂರ ಇರುತ್ತದೆ. ತೆಳು ಲಾಗರ್‌ಗಳಿಗೆ ನಾಲ್ಕರಿಂದ ಆರು ವಾರ, ಬಾಕ್‌ನಂಥ ಗಟ್ಟಿ ಬಿಯರ್‌ಗೆ ಎರಡು ಮೂರು ತಿಂಗಳು. 4 ಡಿಗ್ರಿಗಿಂತ ಕೆಳಗೆ ಹೋಗದ ಫ್ರಿಜ್ ಇದ್ದರೂ ಚಿಂತೆ ಬೇಡ. ಲಾಗರ್ ಹದಕ್ಕೆ ಬರುತ್ತದೆ, ತಿಳಿಯಾಗಲು ಸ್ವಲ್ಪ ಹೆಚ್ಚು ದಿನ ಬೇಕು ಅಷ್ಟೇ.

ವಾರಕ್ಕೊಮ್ಮೆ ಎರಡು ಗುಟುಕಿನಷ್ಟು ಹಿಡಿದು ನೋಡುವುದು ಒಳ್ಳೆಯ ಅಭ್ಯಾಸ. ಮೊದಲ ವಾರ ಗೀರಿದ ಬೆಂಕಿಕಡ್ಡಿಯ ಘಾಟು ಇರಬಹುದು, ಕೆಲವು ಯೀಸ್ಟ್‌ಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಗಾಬರಿ ಬೇಡ. ಮೂರನೇ ವಾರದ ಹೊತ್ತಿಗೆ ಅದು ಸಾಮಾನ್ಯವಾಗಿ ತಗ್ಗಿರುತ್ತದೆ, ಹಿಂದೆ ಅಡಗಿದ್ದ ಮಾಲ್ಟ್‌ನ ಸಿಹಿ ಮೇಲೆ ಬರುತ್ತದೆ. ಗ್ಲಾಸ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಆಚೆಯ ಅಕ್ಷರ ಓದಲು ಬರುತ್ತದೆಯೇ ನೋಡಿ. ಒಂದೊಂದು ವಾರಕ್ಕೂ ಆಗುವ ಬದಲಾವಣೆ ಕಣ್ಣಿಗೆ ಕಾಣುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಗಳಿಗೆ ಇದೇ.

ಮೊದಲ ಗ್ಲಾಸ್‌ನಲ್ಲಿ ಗಸಿ ಬರುತ್ತದೆ, ಅದನ್ನು ಚೆಲ್ಲಿ. ಆಮೇಲೆ ಕೆಗ್ಗನ್ನು ಅಲ್ಲಾಡಿಸಬೇಡಿ, ಜಾಗ ಬದಲಿಸಬೇಡಿ. ಒಂದು ಸಲ ಎತ್ತಿಟ್ಟರೆ ವಾರದ ತಿಳಿ ಕದಡಿಹೋಗುತ್ತದೆ.

ಆರನೇ ಹೆಜ್ಜೆ: ತಾಪಮಾನಕ್ಕೆ ತಕ್ಕ ಗ್ಯಾಸ್

ದ್ರವ ತಣ್ಣಗಿದ್ದಷ್ಟೂ ಗ್ಯಾಸ್ ಜಾಸ್ತಿ ಕರಗುತ್ತದೆ. ಆದ್ದರಿಂದ ರೆಗ್ಯುಲೇಟರ್‌ನ ಅಂಕಿಗೆ ಒಂಟಿಯಾಗಿ ಅರ್ಥ ಇಲ್ಲ, ಬಿಯರ್ ಎಷ್ಟು ಡಿಗ್ರಿ ಇದೆ ಎಂಬುದರ ಜೊತೆ ಸೇರಿಸಿಯೇ ಓದಬೇಕು. ಲಾಗರ್‌ಗೆ ಸಾಮಾನ್ಯವಾಗಿ 2.5 ವಾಲ್ಯೂಮ್ ಗ್ಯಾಸ್ ಹದವಾಗಿರುತ್ತದೆ, ಅಂದರೆ ಒಂದು ಲೀಟರ್ ಬಿಯರ್‌ನಲ್ಲಿ ಎರಡೂವರೆ ಲೀಟರ್ ಗ್ಯಾಸ್ ಕರಗಿರುವುದು. ಅದಕ್ಕೆ ಬೇಕಾದ ಒತ್ತಡ ಸುಮಾರು ಹೀಗೆ:

0 ಡಿಗ್ರಿಯಲ್ಲಿ 8 ಪಿಎಸ್‌ಐ
1 ಡಿಗ್ರಿಯಲ್ಲಿ 9 ಪಿಎಸ್‌ಐ
2 ಡಿಗ್ರಿಯಲ್ಲಿ 10 ಪಿಎಸ್‌ಐ
4 ಡಿಗ್ರಿಯಲ್ಲಿ 12 ಪಿಎಸ್‌ಐ
5 ಡಿಗ್ರಿಯಲ್ಲಿ 13 ಪಿಎಸ್‌ಐ
10 ಡಿಗ್ರಿಯಲ್ಲಿ 17.5 ಪಿಎಸ್‌ಐ
20 ಡಿಗ್ರಿಯಲ್ಲಿ 28 ಪಿಎಸ್‌ಐ

ಎತ್ತರದ ಊರಿನಲ್ಲಿದ್ದರೆ ಸಮುದ್ರಮಟ್ಟದಿಂದ ಪ್ರತಿ 300 ಮೀಟರ್‌ಗೆ ಅರ್ಧ ಪಿಎಸ್‌ಐ ಕೂಡಿಸಿ. ಹೊರಗಿನ ಗಾಳಿಯ ಒತ್ತಡ ಅಲ್ಲಿ ಕಡಿಮೆ, ಗೇಜ್ ಅಳೆಯುವುದು ಅದಕ್ಕೆ ಹೋಲಿಸಿ.

ಲಾಗರಿಂಗ್ ಶುರುವಾದ ದಿನವೇ 9 ಪಿಎಸ್‌ಐಗೆ ಇಟ್ಟು ಬಿಟ್ಟುಬಿಡಿ. ಎರಡು ವಾರದಲ್ಲಿ ಗ್ಯಾಸ್ ತಾನಾಗಿ ಹದಕ್ಕೆ ಬರುತ್ತದೆ. ಹೇಗಿದ್ದರೂ ವಾರಗಟ್ಟಲೆ ಕಾಯುತ್ತೀರಲ್ವಾ? 30 ಪಿಎಸ್‌ಐ ಕೊಟ್ಟು ಕೆಗ್ ಕುಲುಕುವ ಅವಸರ ಲಾಗರ್‌ಗೆ ಬೇಕಿಲ್ಲ.

ಸಿಲಿಂಡರ್ ಫ್ರಿಜ್ ಒಳಗೇ ಇದ್ದರೆ ಒಂದು ವಿಷಯ ತಿಳಿದಿರಲಿ. ಸಿಲಿಂಡರ್‌ನೊಳಗೆ ಗ್ಯಾಸ್ ದ್ರವವಾಗಿರುತ್ತದೆ. ಅದರ ಒತ್ತಡ 20 ಡಿಗ್ರಿಯಲ್ಲಿ ಸುಮಾರು 830 ಪಿಎಸ್‌ಐ, 2 ಡಿಗ್ರಿಯಲ್ಲಿ ಸುಮಾರು 530. ತಂಪಿಗೆ ಇಟ್ಟ ಮಾರನೇ ದಿನ ದೊಡ್ಡ ಗೇಜಿನ ಮುಳ್ಳು ಇಳಿದಿದೆ ಅಂತ ಸೋರಿಕೆ ಹುಡುಕಲು ಹೊರಡಬೇಡಿ. ಎಷ್ಟು ಗ್ಯಾಸ್ ಉಳಿದಿದೆ ಅಂತ ತಿಳಿಯಬೇಕಾದರೆ ಸಿಲಿಂಡರ್ ತೂಗಿ ನೋಡುವುದೇ ಸರಿ.

ಏಳನೇ ಹೆಜ್ಜೆ: ಕುಡಿಯುವ ಹದಕ್ಕೆ ತರುವುದು

1 ಡಿಗ್ರಿ ಬಿಯರ್ ನಾಲಿಗೆಯನ್ನು ಮರಗಟ್ಟಿಸುತ್ತದೆ. ಆರು ವಾರ ಕಾದು ಪಡೆದ ರುಚಿ ಗೊತ್ತೇ ಆಗುವುದಿಲ್ಲ. ತೆಳು ಲಾಗರ್ 4–7 ಡಿಗ್ರಿಯಲ್ಲಿ ಚೆನ್ನ, ಕಪ್ಪು ಲಾಗರ್ ಮತ್ತು ಬಾಕ್ 8–10ರಲ್ಲಿ. ಲಾಗರಿಂಗ್ ಮುಗಿದ ಮೇಲೆ ಕಂಟ್ರೋಲರನ್ನು 4ಕ್ಕೋ 5ಕ್ಕೋ ಏರಿಸಿ, ಅದೇ ದಿನ ಒತ್ತಡವನ್ನೂ ಏರಿಸಿ. ಹಲವರು ಮರೆಯುವುದು ಇದನ್ನೇ. 1 ಡಿಗ್ರಿಗೆ ಸರಿಯಾಗಿದ್ದ 9 ಪಿಎಸ್‌ಐ 5 ಡಿಗ್ರಿಗೆ ಸಾಲದು. ಕರಗಿದ್ದ ಗ್ಯಾಸ್ ಹೊರಬಂದು ಪೈಪ್‌ನಲ್ಲಿ ಗುಳ್ಳೆ ಕಟ್ಟುತ್ತದೆ, ಮೊದಲು ನೊರೆ, ಕೆಲವು ದಿನ ಆದ ಮೇಲೆ ಸಪ್ಪೆ.

ನೊರೆ ಜಾಸ್ತಿ ಆದಾಗ ಕೈ ಮೊದಲು ಹೋಗುವುದು ರೆಗ್ಯುಲೇಟರ್ ಕಡೆಗೆ. ಸ್ವಲ್ಪ ತಡೆಯಿರಿ. ಮೊದಲ ಗ್ಲಾಸ್ ಮಾತ್ರ ನೊರೆಯಾಗಿ ಎರಡನೆಯದು ಸರಿಯಾಗಿದ್ದರೆ ಒತ್ತಡದಲ್ಲಿ ತಪ್ಪಿಲ್ಲ, ಪೈಪ್ ಅಥವಾ ಟ್ಯಾಪ್ ಬೆಚ್ಚಗಿದೆ. ತಣ್ಣನೆ ಬಿಯರ್ ಬೆಚ್ಚಗಿನ ಪೈಪ್‌ಗೆ ಬಡಿದ ಕೂಡಲೇ ಗ್ಯಾಸ್ ಬಿಟ್ಟುಕೊಡುತ್ತದೆ. ಪೈಪ್ ಪೂರ್ತಿ ಫ್ರಿಜ್ ಒಳಗೇ ಇರಲಿ. ಅದನ್ನು ಸುರುಳಿ ಸುತ್ತಿ ಕೆಗ್ ಮೇಲೆ ಇಡಿ. ಟ್ಯಾಪ್‌ನ ಕಂಬ ಫ್ರಿಜ್ ಮೇಲಿದ್ದರೆ ಫ್ಯಾನ್‌ನ ತಣ್ಣನೆ ಗಾಳಿ ಅದರೊಳಗೂ ಹೋಗುವಂತೆ ಒಂದು ಕೊಳವೆ ಕೊಡಿ. ಎಲ್ಲ ಗ್ಲಾಸೂ ನೊರೆಯಾದರೆ ಮಾತ್ರ ಬೇರೆ ಕಾರಣ ಹುಡುಕಿ: ಪೈಪ್ ಗಿಡ್ಡವಾಗಿರಬಹುದು, ಗ್ಯಾಸ್ ಮಿತಿ ಮೀರಿರಬಹುದು. ಒಳ ಅಳತೆ ಸುಮಾರು 5 ಮಿಲಿಮೀಟರ್ ಇರುವ ಪೈಪ್ ಆದರೆ 3 ಮೀಟರ್ ಉದ್ದದಿಂದ ಶುರುಮಾಡಿ ನೋಡಿ.

ಬಿಯರ್‌ನ ನಿಜವಾದ ತಾಪಮಾನ ತಿಳಿಯಲು ಒಂದು ಗ್ಲಾಸ್ ಹಿಡಿದು ಬದಿಗಿಡಿ, ಅದು ಪೈಪ್‌ನಲ್ಲಿ ನಿಂತಿದ್ದ ಬಿಯರ್. ಅದೇ ತಣ್ಣಗಾದ ಗ್ಲಾಸ್ಸನ್ನು ಖಾಲಿ ಮಾಡಿ ಮತ್ತೆ ತುಂಬಿ ಅಳೆಯಿರಿ. ಈ ಅಂಕಿ ಮತ್ತು ಪ್ರೋಬ್‌ನ ಅಂಕಿ ಒಂದು ಡಿಗ್ರಿಯೊಳಗೆ ಹೊಂದಿದರೆ ನಿಮ್ಮ ವ್ಯವಸ್ಥೆ ಸರಿ ಇದೆ.

ಫ್ರಿಜ್‌ನಲ್ಲಿ ಜಾಗ ಇಲ್ಲದಾಗ, ಕರೆಂಟ್ ಹೋದಾಗ

ಎರಡನೇ ಕೆಗ್‌ಗೆ ಜಾಗ ಇಲ್ಲ, ಏನು ಮಾಡುವುದು? ಮನೆಯಲ್ಲಿ ಅತಿ ತಂಪಾಗಿರುವ, ದಿನವಿಡೀ ಒಂದೇ ಸಮ ಇರುವ ಮೂಲೆ ಹುಡುಕಿ. ಬಿಯರ್ ತಯಾರಿಸುವವರ ನಡುವೆ ಒಂದು ಅಂದಾಜು ಬಳಕೆಯಲ್ಲಿದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರರಲ್ಲೂ ಬಿಯರ್ ಹಳಸುವುದು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ. ಇದನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಗಾಳಿ ಸೋಕದಂತೆ ತುಂಬಿದ ಕೆಗ್ ಇನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಬಿಸಿಯ ದಿನಗಳು ಎಷ್ಟು ದುಬಾರಿ ಎಂಬುದು ಇದರಿಂದ ಮನಸ್ಸಿಗೆ ಬರುತ್ತದೆ. ಹೊರಗೆ ಇಡಲೇಬೇಕಾದರೆ ಗಸಿಯನ್ನು ಹಿಂದೆ ಬಿಟ್ಟು ತಿಳಿ ಬಿಯರ್ ಮಾತ್ರ ಇನ್ನೊಂದು ಕೆಗ್‌ಗೆ ದಾಟಿಸಿ. ಬೆಚ್ಚಗಿನ ಕೆಗ್‌ನ ತಳದಲ್ಲಿ ದಪ್ಪ ಯೀಸ್ಟ್ ತಿಂಗಳುಗಟ್ಟಲೆ ಇದ್ದರೆ ಅದು ಸತ್ತು ಒಡೆದು ಬಿಯರ್‌ಗೆ ಸಾರಿನಂಥ, ರಬ್ಬರ್‌ನಂಥ ರುಚಿ ಬರುತ್ತದೆ.

ತಣ್ಣಗಿದ್ದ ಕೆಗ್ ಒಮ್ಮೆ ಬೆಚ್ಚಗಾಗಿ ಮತ್ತೆ ತಣ್ಣಗಾದರೆ ಕೆಟ್ಟೇ ಹೋಗುತ್ತದೆ ಎಂಬ ನಂಬಿಕೆ ಇದೆ. ಅದು ಸರಿಯಲ್ಲ. ಹಾಳು ಮಾಡುವುದು ಏರಿಳಿತ ಅಲ್ಲ, ಒಟ್ಟು ಎಷ್ಟು ಹೊತ್ತು ಬೆಚ್ಚಗಿತ್ತು ಎಂಬುದು. ಕೆಲವು ಬಾಟಲಿ ಬಿಯರ್‌ಗಳಲ್ಲಿ ಬರುವ ಕೆಟ್ಟ ನಾತಕ್ಕೆ ಕಾರಣ ಬೆಳಕು, ಬಿಸಿಯಲ್ಲ. ಸ್ಟೀಲ್ ಕೆಗ್ ಒಳಗೆ ಬೆಳಕಿಗೆ ದಾರಿಯೇ ಇಲ್ಲ.

ಬೆಚ್ಚಗಾದ ಕೆಗ್‌ನಲ್ಲಿ ಒತ್ತಡ ತಾನಾಗಿ ಏರುತ್ತದೆ. 2.5 ವಾಲ್ಯೂಮ್ ಗ್ಯಾಸ್ ಇರುವ ಕೆಗ್ 30 ಡಿಗ್ರಿ ಮುಟ್ಟಿದರೆ ಒಳಗೆ ಸುಮಾರು 38 ಪಿಎಸ್‌ಐ. ಒಳ್ಳೆಯ ಸ್ಟೀಲ್ ಕೆಗ್‌ಗೆ ಇದು ದೊಡ್ಡದಲ್ಲ, ಅದರ ಮಿತಿ ಮೈಮೇಲೆ ಅಚ್ಚಾಗಿರುತ್ತದೆ, ನೋಡಿಕೊಳ್ಳಿ. ಆದರೆ ಅದನ್ನು 10 ಪಿಎಸ್‌ಐಗೆ ಇಟ್ಟ ಗ್ಯಾಸ್ ಪೈಪ್‌ಗೆ ಹಾಗೇ ಸೇರಿಸಿದರೆ ಕೆಗ್‌ನ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ಕೆಗ್ ತೀರಾ ತುಂಬಿದ್ದರೆ ಬಿಯರ್ ಕೂಡ ರೆಗ್ಯುಲೇಟರ್‌ವರೆಗೆ ಹೋಗಬಹುದು. ಮೊದಲು ತಣ್ಣಗೆ ಮಾಡಿ, ಆಮೇಲೆ ಸೇರಿಸಿ. ಗ್ಯಾಸ್ ಪೈಪ್‌ನಲ್ಲಿ ಒಮ್ಮುಖ ವಾಲ್ವ್ ಒಂದು ಇದ್ದರೆ ಇನ್ನೂ ನೆಮ್ಮದಿ.

ಕರೆಂಟ್ ಹೋದಾಗ ಮಾಡಬೇಕಾದ ಕೆಲಸ ಒಂದೇ, ಬಾಗಿಲು ತೆರೆಯದಿರುವುದು. ತಣ್ಣಗಾಗಲು ಎರಡು ದಿನ ತೆಗೆದುಕೊಂಡ 19 ಲೀಟರ್ ಬಿಯರ್ ಬೆಚ್ಚಗಾಗಲೂ ಅಷ್ಟೇ ಸಮಯ ಕೇಳುತ್ತದೆ. ಮುಚ್ಚಿದ ಫ್ರಿಜ್‌ನಲ್ಲಿ ಕೆಲವು ಗಂಟೆಗಳಿಂದ ಏನೂ ಆಗುವುದಿಲ್ಲ. ದಿನಗಟ್ಟಲೆ ಹೋಗುತ್ತದೆ ಅಂತ ಗೊತ್ತಿದ್ದರೆ ನೀರಿನ ಬಾಟಲಿಗಳನ್ನು ಮೊದಲೇ ಹೆಪ್ಪುಗಟ್ಟಿಸಿಟ್ಟುಕೊಂಡು ಕೆಗ್ ಸುತ್ತ ಜೋಡಿಸಿ, ಮೇಲೆ ಕಂಬಳಿ ಹೊದಿಸಿ.

ಜೀವಕ್ಕೆ ಸಂಬಂಧಿಸಿದ ಒಂದು ಮಾತು

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಚೆಸ್ಟ್ ಫ್ರೀಜರ್ ಒಳಗೆ ರಾತ್ರಿಯಿಡೀ ಸೋರಿದ್ದರೆ ಅದು ಬಾವಿಯ ನೀರಿನಂತೆ ಒಳಗೇ ನಿಂತಿರುತ್ತದೆ. ಮುಚ್ಚಳ ತೆರೆದ ಕೂಡಲೇ ತಲೆ ಒಳಗೆ ಹಾಕಬೇಡಿ. ಕೋಣೆಯ ಕಿಟಕಿ ತೆರೆಯಿರಿ, ಸಿಲಿಂಡರ್ ಬಂದ್ ಮಾಡಿ, ಗಾಳಿ ಆಡಲು ಕೆಲವು ನಿಮಿಷ ಬಿಡಿ. ಮೂಗಿಗೆ ಚುರುಗುಟ್ಟಿದರೆ, ಉಸಿರು ಜೋರಾದರೆ, ತಲೆ ಸುತ್ತಿದರೆ ಅಲ್ಲಿಂದ ಹೊರಗೆ ಬನ್ನಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ, ಬೀಳದಂತೆ ಕಟ್ಟಿರಬೇಕು. ಕಿಟಕಿ ಇಲ್ಲದ ಸಣ್ಣ ಕೋಣೆಯಲ್ಲಿ ಈ ವ್ಯವಸ್ಥೆ ಇಡಲೇಬೇಡಿ.

ಕೆಗ್ ಖಾಲಿಯಾಗುವ ಹೊತ್ತು

ಕೆಗ್‌ನಲ್ಲಿ ಮೂರ್ನಾಲ್ಕು ಲೀಟರ್ ಉಳಿದಾಗ ಬಿಯರ್‌ನ ತೂಕ ಕಮ್ಮಿ, ತಾಪಮಾನ ಬೇಗ ಏರಿಳಿಯುತ್ತದೆ. ಮೊದಲು ಬಾಗಿಲು ತೆರೆದರೂ ಅಲ್ಲಾಡದ ಬಿಯರ್ ಈಗ ಅಲ್ಲಾಡುತ್ತದೆ, ಹಿಂಗೋಡೆ ಹತ್ತಿರ ಇದ್ದರೆ ಬೇಗ ಹೆಪ್ಪೂಗಟ್ಟುತ್ತದೆ. ಪ್ರೋಬನ್ನು ತಳದಿಂದ ನಾಲ್ಕು ಬೆರಳು ಎತ್ತರಕ್ಕೆ ಇಳಿಸಿ ಅಂಟಿಸಿ. ಪಕ್ಕದಲ್ಲಿ ತುಂಬಿದ ಕೆಗ್ ಇದ್ದರೆ ಪ್ರೋಬನ್ನು ಅದಕ್ಕೇ ವರ್ಗಾಯಿಸಿ. ಟ್ಯಾಪ್ ಬುಸ್ ಎಂದ ಮೇಲೆ ಕೆಗ್‌ನಲ್ಲಿರುವ ಗ್ಯಾಸನ್ನು ಕೂಡಲೇ ಬಿಡಬೇಡಿ, ಹಾಗೇ ಮುಚ್ಚಿಡಿ. ತೊಳೆಯಲು ಕೂತಾಗ ಒತ್ತಡ ಪೂರ್ತಿ ಬಿಟ್ಟು, ಮುಚ್ಚಳ ತೆಗೆದು, ತಳದ ಗಸಿಯನ್ನೊಮ್ಮೆ ನೋಡಿ. ಬಿಗಿಯಾಗಿ, ತೆಳುವಾಗಿ ಅಂಟಿಕೊಂಡಿದ್ದರೆ ತಂಪು ಕದಲದೆ ಇತ್ತು ಅಂತ. ಸಡಿಲವಾಗಿ, ದಪ್ಪವಾಗಿ ತೇಲುತ್ತಿದ್ದರೆ ಮುಂದಿನ ಸಲ ಹುದುಗಿಸುವ ಪಾತ್ರೆಯಲ್ಲೇ ಇನ್ನೆರಡು ದಿನ ತಣ್ಣಗಿಟ್ಟು ಆಮೇಲೆ ಕೆಗ್‌ಗೆ ದಾಟಿಸಿ.